ಮಾವನ ಕೈಗೆ ಮಗು ಕೊಡಬಾರದು

ನಮ್ಮ ಮಾವನ ಕತ್ತಿಗೆ ಊರಿನ ಅರ್ಧ ಗಂಡಸರು ಕುತ್ತಿಗೆ ಒಡ್ಡಿ ನಿದ್ದೆ ಹೋಗುತ್ತಾರೆ. ಕಟಿಂಗ್ ಶಾಪಿನ ಕುರ್ಚಿಯಲ್ಲಿ ಗೊರಕೆ ಹೊಡೆಯುವವರ ಗದ್ದ ಹಿಡಿದು, ಉಸಿರಿನ ಲಯ ನೋಡಿ ಕತ್ತಿ ಎಳೆಯುವ ಕೈ ಅದು. ಮನೆಯಲ್ಲಿ ಮಾತ್ರ ಆ ಕೈಗೆ ಯಾರೂ ಮಗು ಕೊಡುತ್ತಿರಲಿಲ್ಲ.

ಕಾರಣ ನನ್ನ ಹೆಂಡತಿ. ಅವಳು ಹಸುಗೂಸಾಗಿದ್ದಾಗ, ಮಾವ ಅಂಗಿ ತೊಡಿಸುವಾಗ ತೋಳು ಮುರಿಯಿತು.

"ಏನ್ ಮಾಡಿದ್ರಿ?" ಎಂದರು ಅತ್ತೆ.

"ಏನೂ ಮಾಡಿಲ್ಲ ಕಣೇ."

ಏನೂ ಮಾಡದೆ ಮೂಳೆ ಮುರಿಯುತ್ತದೆಯೇ? ಅಲ್ಲಿಗೆ ವಿಚಾರಣೆ ಮುಗಿಯಿತು. ಶಾಲೆಗೆ ಹೋಗುವಾಗಲೂ ಹುಡುಗಿ ಕೈಕಾಲು ಮುರಿದುಕೊಂಡಳು. ಅದೆಲ್ಲ ಅವಳ ತುಂಟತನದ ಲೆಕ್ಕಕ್ಕೆ ಹೋಯಿತು. ಮೊದಲನೆಯದು ಮಾತ್ರ ಮಾವನ ತಲೆಯ ಮೇಲೇ ಉಳಿಯಿತು. ನೆಂಟರ ಕೂಸು ಬಂದರೂ ಅತ್ತೆ, "ಅವರ ಕೈಗೆ ಕೊಡ್ಬೇಡಿ" ಎನ್ನುವರು. ಮಾವ ಕೈ ಹಿಂದೆ ಕಟ್ಟಿಕೊಂಡು ದೂರದಿಂದ ಸೀಟಿ ಹೊಡೆದು ಕೂಸನ್ನು ನಗಿಸುವರು.

ನಮಗೆ ಮಗಳು ಹುಟ್ಟಿದಳು. ಒಂದು ಬೆಳಿಗ್ಗೆ ಅತ್ತೆ ಅವಳ ಬಟ್ಟೆ ಬದಲಿಸುವಾಗ ಕಾಲು ಲಟಕ್ಕೆಂದಿತು.

ಎಕ್ಸ್‌ರೇ ನೋಡಿದ ಡಾಕ್ಟರಮ್ಮ ಅತ್ತೆಯನ್ನು ದಿಟ್ಟಿಸಿದರು. "ಏನ್ ಮಾಡಿದ್ರಿ?"

"ಏನೂ ಮಾಡಿಲ್ಲ," ಎಂದ ಅತ್ತೆಯ ಮುಖ ಬಿಳಿಚಿಕೊಂಡಿತು. ಆ ಮಾತನ್ನು ಅವರು ಮೊದಲೇ ಕೇಳಿದ್ದರು.

ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂದು ಡಾಕ್ಟರಮ್ಮ ಫೋನ್ ಕೈಗೆತ್ತಿಕೊಂಡರು. ಗೋಡೆಗೊರಗಿ ನಿಂತಿದ್ದ ಮಾವನಿಗೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುತ್ತಿರಲಿಲ್ಲ. ನಾನಾಗಿದ್ದರೆ ಬಿಡುತ್ತಿರಲಿಲ್ಲ.

"ಅವಳೇನೂ ಮಾಡಿಲ್ಲಮ್ಮ," ಎಂದರು ಮಾವ. "ಈ ಮಗು ತಾಯಿ ತೋಳು ನನ್ನ ಕೈಲಿ ಹೀಗೇ ಮುರೀತು. ನಾನೂ ಏನೂ ಮಾಡಿರ್ಲಿಲ್ಲ."

ಡಾಕ್ಟರಮ್ಮ ಫೋನ್ ಕೆಳಗಿಟ್ಟು ಮಗುವಿನ ಕಣ್ಣು ನೋಡಿದರು, ಆಮೇಲೆ ನನ್ನ ಹೆಂಡತಿಯ ಕಣ್ಣು. ಇಬ್ಬರ ಕಣ್ಣಿನ ಬಿಳಿಯಲ್ಲೂ ತೆಳು ನೀಲಿ. ಮದುವೆಗೆ ಮುಂಚೆ ನಾನು ಆ ನೀಲಿಯನ್ನು ಹೊಗಳಿದ್ದೇ ಹೊಗಳಿದ್ದು, ಅದು ರೋಗಲಕ್ಷಣವಂತೆ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಪೊಲೀಸರು ಬರುವುದಿಲ್ಲ, ಆದರೆ ಅಜ್ಜಿ ಮಗುವನ್ನು ಮುಟ್ಟುವಂತಿಲ್ಲ ಎಂದು ತೀರ್ಮಾನವಾಯಿತು. ಅಷ್ಟು ದಿನವೂ ಅತ್ತೆ ಮಾವನ ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತರು. ಅವರಿಗೆ ಸೀಟಿ ಬರುತ್ತಿರಲಿಲ್ಲ. ಮಾವ ಕಲಿಸಿಕೊಟ್ಟರು.

ಫಲಿತಾಂಶ ಬಂತು. ಹುಟ್ಟಿನಿಂದಲೇ ಮೂಳೆ ಬಲಹೀನ, ತಾಯಿಯಿಂದ ಮಗಳಿಗೆ ಬಂದದ್ದು, ಅಂಗಿ ತೊಡಿಸಿದರೂ ಮುರಿಯಬಹುದು. ಯಾರ ತಪ್ಪೂ ಇಲ್ಲ.

ಅತ್ತೆ ಮಗುವನ್ನೆತ್ತಿಕೊಂಡು ಸೀದಾ ಮಾವನ ಮುಂದೆ ಹೋಗಿ ನಿಂತರು. "ತಗೊಳ್ರಿ."

ಮಾವನ ಕೈ ಹಿಂದೆಯೇ ಇತ್ತು. "ಹಿಡಿಯೋದು ಮರ್ತೇ ಹೋಗಿದೆ ಕಣೇ."

ಅತ್ತೆ ಗೊಳೋ ಎಂದು ಅತ್ತರು. ನನ್ನ ಹೆಂಡತಿ ಮಾವನ ಎರಡೂ ಕೈಗಳನ್ನು ಮುಂದಕ್ಕೆಳೆದಳು. ಅತ್ತೆ ಅಳುತ್ತಲೇ ಮಗುವನ್ನು ಆ ಕೈಗಳ ಮೇಲೆ ಮಲಗಿಸಿದರು.

"ಕುತ್ತಿಗೆ ಹುಷಾರು."

ಜೀವಮಾನವಿಡೀ ಕುತ್ತಿಗೆ ಹಿಡಿದೇ ಸಂಸಾರ ಸಾಕಿದ ಮನುಷ್ಯ, "ಆಯ್ತು" ಎಂದರು.