ದೃಷ್ಟಿಬೊಟ್ಟಿನ ನೆರಳು

ನನ್ನ ಸ್ನಾತಕೋತ್ತರ ವಿನ್ಯಾಸದ ವಾದ ಸರಳವಾಗಿತ್ತು: ನೆರಳಿಗೆ ಯಜಮಾನ ಬೇಕಿಲ್ಲ. ಅಂಗಳದ ಮೇಲೆ ಹಾಸುವ ಛಾವಣಿಯನ್ನು ಸಣ್ಣ ಸಣ್ಣ ತ್ರಿಕೋನದ ಮಡಿಕೆಗಳಲ್ಲಿ ಮಾಡಬೇಕು. ಪ್ರತಿ ಮಡಿಕೆಗೂ ಅದರದೇ ಪುಟ್ಟ ಮೋಟರು, ಬೆನ್ನ ಮೇಲೆ ಅದರದೇ ಕಡಲೆಬೇಳೆಯಷ್ಟು ಸೆನ್ಸರು. ಸೆನ್ಸರಿನ ಮೇಲೆ ಬಿಸಿಲು ಬಿದ್ದರೆ ಆ ಮಡಿಕೆ ಬಿಚ್ಚಿಕೊಂಡು ನೆರಳು ಕೊಡುತ್ತದೆ, ಹೋದರೆ ಮಡಚಿಕೊಳ್ಳುತ್ತದೆ. ಪಕ್ಕದ್ದನ್ನು ಕೇಳುವುದಿಲ್ಲ, ಮೇಲಿನವರ ಅಪ್ಪಣೆಗೆ ಕಾಯುವುದಿಲ್ಲ. ಅತ್ತೆಯ, ಅಂದರೆ ಅಪ್ಪನ ಅಕ್ಕನ, ಆಡಳಿತದಲ್ಲಿ ಬೆಳೆದವಳಿಗೆ ಇಂಥ ವಿಚಾರ ಯಾಕೆ ಹೊಳೆಯಿತೆಂದು ವಿಶ್ವವಿದ್ಯಾಲಯದಲ್ಲಿ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕೊನೆಯ ಪರೀಕ್ಷೆ ನಿಜವಾದ ಅಂಗಳದಲ್ಲಿ, ನಿಜವಾದ ಬಿಸಿಲಲ್ಲಿ ನಡೆಯಬೇಕಿತ್ತು. ಹಾಗಾಗಿ ಮೂಡಲಗಿಯ ನಮ್ಮ ಮನೆಯನ್ನೇ ಆರಿಸಿಕೊಂಡೆ. ಅಂದು ಛಾವಣಿ ಬಿಚ್ಚಿಕೊಳ್ಳದಿದ್ದರೆ ಪದವಿ ಇನ್ನೊಂದು ವರ್ಷ ದೂರ. ಗೋಕಾಕದಲ್ಲಿ ಬಟ್ಟೆ ಹೊಲಿಸಿದೆ, ಹುಕ್ಕೇರಿಯಲ್ಲಿ ಚೌಕಟ್ಟಿನ ವೆಲ್ಡಿಂಗ್ ಮಾಡಿಸಿದೆ. ವೆಲ್ಡಿಂಗಿನವರು ನನ್ನ ನಕ್ಷೆಯನ್ನು ಬಹಳ ಹೊತ್ತು ನೋಡಿ, "ಲಗ್ನದ ಹಂದರ ಏನ್ರಿ ಅಕ್ಕಾರ?" ಎಂದರು. ಅಲ್ಲ ಎಂದೆ.

"ಇರ್ಲಿ ಬಿಡ್ರಿ, ಮುಂದ ಅದಕ್ಕೂ ಬರ್ತೈತಿ," ಎಂದು ಸಮಾಧಾನ ಮಾಡಿದರು.

ಹಿಂದಿನ ದಿನ ಎಲ್ಲ ಮಡಿಕೆಗಳೂ ಸರಿಯಾಗಿ ಬಿಚ್ಚಿ ಮಡಚಿಕೊಂಡವು. ಮರುದಿನ ಪರೀಕ್ಷಕರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದೆ. ಅವರೊಂದಿಗೆ ಮರಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಛಾವಣಿಯ ಬೀದಿ ಕಡೆಯ ಅರ್ಧ ಚೆನ್ನಾಗಿ ಬಿಚ್ಚಿಕೊಂಡಿತ್ತು. ಮಾಳಿಗೆ ಕಡೆಯ ಅರ್ಧ ಇನ್ನೂ ಬೆಳಗೇ ಆಗಿಲ್ಲವೆಂಬಂತೆ ಮಡಚಿಕೊಂಡು ಕೂತಿತ್ತು.

"ಇದು ಉದ್ದೇಶಪೂರ್ವಕವೇ?" ಎಂದರು ಪರೀಕ್ಷಕರು.

ಹೌದೆನ್ನಲು ಒಂದು ಗಂಭೀರ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, "ನೋಡ್ತೀನಿ ಸರ್," ಎಂದು ಮಾಳಿಗೆ ಹತ್ತಿದೆ.

ಮಡಚಿಕೊಂಡಿದ್ದ ಪ್ರತಿ ಮಡಿಕೆಯ ಸೆನ್ಸರಿನ ಮೇಲೂ ಒಂದು ಕಪ್ಪು ಬೊಟ್ಟು. ದುಂಡಗೆ, ಎಣ್ಣೆ ಮಿನುಗುವ, ಮನೆಯಲ್ಲೇ ಮಾಡಿದ ಕಾಡಿಗೆ. ನಮ್ಮಲ್ಲಿ ಕೂಸಿನ ಕೆನ್ನೆಗೂ ಮದುಮಗಳ ಕೆನ್ನೆಗೂ ದೃಷ್ಟಿ ತಾಗದಿರಲೆಂದು ಹಚ್ಚುವುದು ಅದನ್ನೇ. ಅತ್ತೆ ಕಾಡಿಗೆ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು.

"ಅತ್ತಿ, ಇದನ್ನ ನೀ ಹಚ್ಚಿದಿ?"

"ಹೂಂ ಮತ್ತ! ನಿನ್ನಿ ಕಲ್ಲೋಳಿ ಊರಿನ ಮಂದಿನೂ ಬಂದು ಬಾಯಿ ತಕ್ಕೊಂಡು ನೋಡಿ ಹ್ವಾದ್ರು. ದೃಷ್ಟಿ ಆಗಂಗಿಲ್ಲೇನು? ಇಲ್ಲಿಂದ ಕೈಗೆ ಸಿಕ್ಕಷ್ಟಕ್ಕ ಹಚ್ಚೀನಿ. ಆ ಕಡಿದು ನೀನ ಹಚ್ಚು."

"ಇದರ ಮ್ಯಾಲ ಬಿಸಲ ಬಿದ್ರನ ಅದು ಬಿಚ್ಚತೈತಿ ಅತ್ತಿ."

"ನೆರಳ ಕೊಡಾಕ ಬಿಸಲ ಯಾಕ ಬೇಕ ಅದಕ್ಕ?"

ಇದಕ್ಕೆ ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ವಿವರವಾದ ಉತ್ತರವಿತ್ತು. ಓಢಣಿಯ ತುದಿಯಿಂದ ಒಂದೊಂದೇ ಬೊಟ್ಟು ಒರೆಸತೊಡಗಿದೆ. ಒರೆಸಿದ ಮಡಿಕೆ ಸಣ್ಣಗೆ ಗುರ್ರೆಂದು ಬಿಚ್ಚಿಕೊಳ್ಳುತ್ತಿತ್ತು. ಪಕ್ಕದ್ದು ತನ್ನ ಸರದಿ ಬರುವವರೆಗೆ ಅಲುಗುತ್ತಿರಲಿಲ್ಲ. ಕೆಳಗೆ ಪರೀಕ್ಷಕರು ನನ್ನ ಪ್ರಬಂಧವನ್ನು ಮುಚ್ಚಿಟ್ಟು, ತಲೆಯೆತ್ತಿ ನೋಡುತ್ತಿದ್ದರು. ಪ್ರತಿ ಮಡಿಕೆಯೂ ಸ್ವತಂತ್ರ ಎಂಬುದಕ್ಕೆ ಇಷ್ಟು ಒಳ್ಳೆಯ ಪುರಾವೆಯನ್ನು ನಾನು ಸಿದ್ಧಪಡಿಸಿಯೇ ಇರಲಿಲ್ಲ.

ಕೊನೆಯ ಬೊಟ್ಟಿಗೆ ಬಂದಾಗ ಅತ್ತೆ ನನ್ನ ಕೈ ಹಿಡಿದಳು.

"ಒಂದರ ಇರ್ಲಿ ಯವ್ವಾ."

ಬಿಟ್ಟೆ.

ಕೆಳಗೆ ಚಹಾ ಬಂತು. ಆ ಒಂದು ಮಡಿಕೆಯ ಸಂದಿನಿಂದ ಬಿಸಿಲು ನೇರವಾಗಿ ಪರೀಕ್ಷಕರ ಕನ್ನಡಕದ ಮೇಲೆ ಬಿತ್ತು. ಅವರು ಕುರ್ಚಿ ಸರಿಸಿದರು. ಸ್ವಲ್ಪ ಹೊತ್ತಿನಲ್ಲಿ ಬಿಸಿಲೂ ಅವರ ಹಿಂದೆಯೇ ಸರಿಯಿತು. ಪ್ರಶ್ನೆಗಳೆಲ್ಲ ಮುಗಿದ ಮೇಲೆ, "ಸರಿ, ಒಪ್ಪಿದೆ. ಪಾಸಾಗಿದ್ದೀರಿ," ಎಂದು ಮೇಲೆ ಬೆರಳು ತೋರಿಸಿದರು. "ಆದರೆ ಅದೊಂದು ಯಾಕೆ ಹಾಗೆ?"

"ಅದು ಇವರ ನಿಯಂತ್ರಣದಾಗ ಐತ್ರಿ ಸರ್," ಎಂದು ಅತ್ತೆಯ ಕಡೆ ನೋಡಿದೆ.

ಅತ್ತೆ ಸೆರಗು ಸರಿಪಡಿಸಿಕೊಂಡಳು. "ಪಾಸ್ ಆತಿಲ್ರಿ? ಮತ್ತ! ಅದೊಂದನೂ ವರಸಿದ್ರ ಆಕ್ಕಿತ್ತೇನ್ರಿ?"

ಪರೀಕ್ಷಕರು ಕುರ್ಚಿಯನ್ನು ಇನ್ನೊಮ್ಮೆ ಸರಿಸಿದರು.