ದೇವರ ಪೆಟ್ಟಿಗೆಯ ಫಾಸಿಲ್

ಈಗ ಹೇಳುವುದು ಹೀಗೇ ನಡೆಯಿತೆಂದು ನಾನು ಆಣೆ ಮಾಡಲಾರೆ. ಕಾಲೇಜಿನಲ್ಲಿ ಎಲ್ಲವನ್ನೂ ಸಂಶಯಿಸಲು ಕಲಿತೆ. ಮೊದಲು ದೇವರನ್ನು ಸಂಶಯಿಸಿದೆ. ಈಗ ನನ್ನ ನೆನಪನ್ನೇ ಸಂಶಯಿಸುತ್ತಿದ್ದೇನೆ. (ದೇವರು ಸೇಡು ತೀರಿಸಿಕೊಳ್ಳುವ ರೀತಿ ಇದೇ ಇರಬಹುದು.)

ನನ್ನ ಗೆಳೆಯ ವೆಂಕೋಬ ಕಂಪ್ಲಿಯವನು. ಮದರಾಸಿನಲ್ಲಿ ಭೂಗರ್ಭಶಾಸ್ತ್ರ ಓದಿ ಸಂಡೂರಿನ ಮ್ಯಾಂಗನೀಸ್ ಗಣಿ ಸೇರಿದ್ದಾನೆ. ಅವನ ಹುಚ್ಚು ಫಾಸಿಲ್. ಅಂದರೆ ಎಂದೋ ಸತ್ತು ಕಲ್ಲಾದ ಪ್ರಾಣಿ. ದುರದೃಷ್ಟ ನೋಡಿ, ಸಂಡೂರಿನ ಗುಡ್ಡಗಳು ಎಷ್ಟು ಹಳೆಯವೆಂದರೆ ಅಲ್ಲಿ ಸಾಯಲಿಕ್ಕೂ ಯಾವ ಪ್ರಾಣಿಯೂ ಹುಟ್ಟಿರಲಿಲ್ಲವಂತೆ! ಅವನ ಗಾಜಿನ ಬೀರು ಖಾಲಿ ಹೊಡೆಯುತ್ತಿತ್ತು.

ಹೀಗಾಗಿ ಅವನ ಕಣ್ಣು ಹೊಸಪೇಟೆಯ ನಮ್ಮ ಮನೆಯ ದೇವರ ಪೆಟ್ಟಿಗೆಯ ಮೇಲೆ ಬಿತ್ತು. ಅದರಲ್ಲಿ ನನ್ನ ಸೋದರತ್ತೆ ತುಂಗಮ್ಮನ ಸಾಲಿಗ್ರಾಮವಿದೆ. ಕರಿಯ ಕಲ್ಲು, ಒಳಗೊಂದು ಚಕ್ರ. ಅತ್ತೆಗೆ ಅದು ವಿಷ್ಣುಚಕ್ರ. ವೆಂಕೋಬನಿಗೆ ಸಮುದ್ರದ ಹುಳದ ಚಿಪ್ಪು.

"ಅತ್ತೀ, ಇದನ್ನ ನನಗ ಕೊಡ್ರಿ. ಬೆಲೆ ಹೇಳ್ರಿ."

"ಲೇ ವೆಂಕೋಬಾ, ಸಾಲಿಗ್ರಾಮ ಮಾರಿದವ್ರಿಗೂ ಪಾಪ, ಕೊಂಡವ್ರಿಗೂ ಪಾಪ. ನಿಮ್ಮಪ್ಪ ಇಷ್ಟೂ ಹೇಳಿಲ್ಲೇನು?"

"ಹಂಪಿ ಬಜಾರದಾಗ ಬೈರಾಗಿ ಬುಟ್ಟಿ ತುಂಬ ಇಟ್ಕೊಂಡು ಕುಂತಾನಲ್ರಿ?"

"ಅಂವ ಮಾರೂದಿಲ್ಲ. ದಕ್ಷಿಣೆ ತೊಗೋತಾನ."

(ದಕ್ಷಿಣೆ ಕಡಿಮೆಯಾದರೆ ಕಲ್ಲು ಮತ್ತೆ ಬುಟ್ಟಿಗೆ ಹೋಗುತ್ತದೆ. ಆ ಮಾತು ಬೇರೆ.)

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಇಂಥ ವಸ್ತು ಮ್ಯೂಸಿಯಮ್ಮಿನಲ್ಲಿದ್ದರೆ ಹತ್ತು ಜನ ನೋಡುತ್ತಾರೆ, ಒಬ್ಬನ ಬೀರುವಿನಲ್ಲಿದ್ದು ಯಾರಿಗೆ ಲಾಭ ಎಂದೆ.

ವೆಂಕೋಬ ಕೆರಳಿದ. "ಅಲ್ಲಿ ಗೋಣಿಚೀಲದಾಗ ಕಟ್ಟಿ ಮೂಲ್ಯಾಗ ಒಗೀತಾರ. ನಾನಾದ್ರ ದಿನಾ ಒರಸಿ ಇಡತೀನಿ!"

ಅತ್ತೆಯ ಕಿವಿ ನಿಮಿರಿತು. "ದಿನಾ?"

ಅತ್ತೆಯ ಸಂಕಟ ನಿಮಗೆ ತಿಳಿಯಬೇಕು. ನಮ್ಮಲ್ಲಿ ಹೆಂಗಸರು ಸಾಲಿಗ್ರಾಮ ಮುಟ್ಟುವಂತಿಲ್ಲ. ಮಾವ ತೀರಿಕೊಂಡ ಮೇಲೆ ಪೂಜೆಗೆ ಬರುತ್ತಿದ್ದ ಆಚಾರ್ಯರು ಮಗನ ಊರಿಗೆ ಹೊರಟುಹೋದರು. ಮನೆಯಲ್ಲಿ ಉಳಿದ ಗಂಡಸು ನಾನೊಬ್ಬನೇ, ವಿಚಾರವಂತ. ದೇವರಿಗೆ ನೀರಿಲ್ಲವೆಂದು ಅತ್ತೆ ಅನ್ನ ಬಿಟ್ಟಿದ್ದಳು. ಹಾಲು, ಬಾಳೆಹಣ್ಣು, ಅಷ್ಟೇ. ಸೊರಗಿ ಕಡ್ಡಿಯಾಗಿದ್ದಳು.

"ದಾನ ಕೊಡತೀನಿ, ತೊಗೋ. ಆದ್ರ ದಾನ ತೊಗೊಂಡವ ದಿನಾ ನೀರು ಹಾಕಬೇಕು, ತುಳಸಿ ಏರಿಸಬೇಕು."

"ಆತ್ರಿ."

"ಮಿಲಿಟರಿ ಹೋಟ್ಲು ಬಿಡಬೇಕು."

ವೆಂಕೋಬ ನನ್ನ ಮುಖ ನೋಡಿದ. ಆಮೇಲೆ ಹೂಂ ಅಂದನೋ ಕೆಮ್ಮಿದನೋ? ಹೂಂ ಅಂದ ಎಂದು ಅತ್ತೆಯ ವಾದ. ಬರೀ ಕೆಮ್ಮು ಎಂದು ಅವನ ವಾದ. ಸಾಕ್ಷಿಯಾದ ನಾನು ನಿನ್ನೆ ಒಂದು ಹೇಳಿದೆ, ಇವತ್ತು ಇನ್ನೊಂದು ಹೇಳುತ್ತೇನೆ. ಅಂತೂ ಕಲ್ಲು ಸಂಡೂರಿಗೆ ಹೋಯಿತು, ಅತ್ತೆ ಅನ್ನ ಉಂಡಳು.

ನನಗೆ ಮಾತ್ರ ನಿದ್ದೆಯಿಲ್ಲ. ಮಾರಿದರೆ ಪಾಪ, ಪುಕ್ಕಟೆ ಹೊಡೆದುಕೊಂಡರೆ ಸಂಗ್ರಹವೇ? ಅವನು ನೀರು ಹಾಕದೆ ಕಲ್ಲನ್ನು ಒಣಗಿಸುತ್ತಿದ್ದಾನೆಂದು ಅತ್ತೆಗೆ ತಿಳಿದರೆ ಮತ್ತೆ ಬಾಳೆಹಣ್ಣೇ ಗತಿ.

ಮೊನ್ನೆ ಹೇಳದೆ ಕೇಳದೆ ಸಂಡೂರಿಗೆ ಹೋದೆ. ಬೀರುವಿನ ನಡುವೆ ಸಾಲಿಗ್ರಾಮ ಕೂತಿತ್ತು. ಮುಂದೆ ಇಂಗ್ಲಿಷ್ ಚೀಟಿ, ನೆತ್ತಿಯ ಮೇಲೆ ತುಳಸಿ ದಳ.

"ಅದಾ? ಗಾಳಿಗೆ ಹಾರಿ ಬಂದದಲೇ," ಅಂದ ವೆಂಕೋಬ, ಬೀಗ ತೆಗೆಯುತ್ತಾ.

ನಾನು ಯಾರ ಮಾತನ್ನೂ ನಂಬುವವನಲ್ಲ. ಕೈಹಾಕಿ ಮುಟ್ಟಿ ನೋಡಿದೆ: ದಳ ಒದ್ದೆಯಾಗಿತ್ತು.