ಗಂಗವ್ವನ ಅಳತೆ ಬ್ಲೌಸ್

ಮೊಳಕೆ ಬಂದ ರಾಗಿಯ ವಾಸನೆ ನಿಮಗೆ ಗೊತ್ತಿದ್ದರೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ಎಷ್ಟು ವಿವರಿಸಿದರೂ ಅಷ್ಟೇ. ದೋಹಾದ ಅಲ್ ಅಜೀಜಿಯಾದ ನಮ್ಮ ಫ್ಲ್ಯಾಟಿನಲ್ಲಿ ಹಗಲಿರುಳು ಎಸಿ ಓಡುವುದರಿಂದ ಮೊಳಕೆ ಕಟ್ಟಲು ಬೆಚ್ಚಗಿನ ಜಾಗವೆಂದರೆ ವಾಷಿಂಗ್ ಮೆಷಿನ್ ಇಟ್ಟಿರುವ ಮೂಲೆಯೊಂದೇ. ಇವತ್ತು ಬೆಳಿಗ್ಗೆ ಅಲ್ಲಿ ನೋಡಿದರೆ, ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿಟ್ಟ ರಾಗಿ ಬಟ್ಟೆಯನ್ನು ತೂರಿಕೊಂಡು ಬೆಳ್ಳಗೆ ಹೊರಗೆ ಇಣುಕುತ್ತಿತ್ತು. ಮೈಸೂರಿನವಳಾದ ನನಗೆ ಇದೇನೂ ಹೊಸ ನೋಟವಲ್ಲ. ಆದರೂ ಗಂಟನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನಿಂತುಬಿಟ್ಟೆ. ಹಿಂದಿನಿಂದ ನನ್ನವರು, “ಹುರಿಹಿಟ್ಟಿಗೂ ಧ್ಯಾನ ಮಾಡ್ಬೇಕಾ?” ಎಂದರು. ಅವರಿಗೆ ಗಂಗವ್ವನ ಕತೆ ಅರ್ಧ ಮಾತ್ರ ಗೊತ್ತು. ನಿಮಗೆ ಪೂರ್ತಿ ಹೇಳುತ್ತೇನೆ.

ಗಂಗವ್ವ ನನ್ನ ಮಗಳ ಸ್ಕೂಲ್ ಬಸ್ಸಿನ ಆಂಟಿ. ಗದಗದ ಕಡೆಯ ಹಳ್ಳಿಯವಳು. ಗಂಡ ಇಂಡಸ್ಟ್ರಿಯಲ್ ಏರಿಯಾದ ಕಾರ್ಮಿಕರ ಕ್ಯಾಂಪಿನಲ್ಲಿ, ಇವಳು ನಜ್ಮಾ ಬಡಾವಣೆಯ ಒಂದು ಶೇರಿಂಗ್ ರೂಮಿನಲ್ಲಿ. ಇಬ್ಬರಿಗೂ ಬೇರೆ ಬೇರೆ ವೀಸಾ, ಭೇಟಿ ಶುಕ್ರವಾರ ಮಾತ್ರ. ನನ್ನ ಮಗಳು ಮನೆಯಲ್ಲಿ ಮುನಿಸಿಕೊಳ್ಳುವುದು ಕೂಡ ಇಂಗ್ಲಿಷಿನಲ್ಲಿ. ಅಂಥವಳು ಒಂದನೇ ಕ್ಲಾಸಿಗೆ ಸೇರಿದ ತಿಂಗಳಲ್ಲೇ ಬಸ್ಸಿಳಿದು ಬಂದು, “ಅಮ್ಮಾ, ಹಸಿವ ಆಗೇತಿ, ಏನರ ಕೊಡ” ಎಂದಳು. ಮೈಸೂರಿನಿಂದ ವಿಡಿಯೋ ಕಾಲಿನಲ್ಲಿದ್ದ ನನ್ನ ಅಮ್ಮ, “ಯಾರ ಮಗುವೇ ಅದು?” ಎಂದು ಕೇಳಿದರು. ಆರು ವರ್ಷದಲ್ಲಿ ನಾನು ಕಲಿಸಲಾಗದ ಕನ್ನಡವನ್ನು ಗಂಗವ್ವ ದಿನಕ್ಕೆ ಮುಕ್ಕಾಲು ಗಂಟೆಯ ಬಸ್ಸಿನಲ್ಲಿ ಕಲಿಸಿದ್ದಳು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು.

ಅದೇ ವರ್ಷ ಅವಳ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಎದೆಯನ್ನು ತೆಗೆದರು. ಆಮೇಲೆ ಕೀಮೋ, ರೇಡಿಯೇಷನ್. ಕೆಲವು ಸಲ ಜೊತೆಗೆ ಹೋದವಳು ನಾನು. ಕೀಮೋ ಕೊಡುವ ಕೋಣೆಯಲ್ಲಿ ನಮ್ಮ ಕಂಪನಿಯ ದೊಡ್ಡ ಸಾಹೇಬರ ಹೆಂಡತಿಯೂ ಗಂಗವ್ವನೂ ಅಕ್ಕಪಕ್ಕದ ಕುರ್ಚಿಯಲ್ಲಿ, ಅದೇ ಕಂಬಳಿ ಹೊದ್ದು ಕೂತಿದ್ದನ್ನು ಕಂಡು ನಾನು ಬೆರಗಾಗಿದ್ದೆ. ನಮ್ಮ ಕಡೆ ಮನೆ ಮಾರಿಸುವ ಕಾಯಿಲೆ ಇದು. ಇಲ್ಲಿ ಸರಕಾರದ ಒಂದು ಹೆಲ್ತ್ ಕಾರ್ಡು ಆಸ್ಪತ್ರೆಯ ಬಾಗಿಲನ್ನು ಬಸ್ಸಿನ ಆಂಟಿಗೂ ತೆರೆದಿತ್ತು.

ಆದರೆ ಆ ಕಾರ್ಡಿಗೂ ಒಂದು ಕೊಂಡಿ ಇತ್ತು ನೋಡಿ. ಇನ್ನು ಐದು ವರ್ಷ ದಿನಾ ಒಂದು ಮಾತ್ರೆ, ಆಗಾಗ ತಪಾಸಣೆ ಎಂದಿದ್ದರು ಡಾಕ್ಟರು. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಕಾರ್ಡು ಹೋಗುತ್ತದೆ. ಇಲ್ಲಿ ಶಾಲೆಯ ವಾರ ಶುರುವಾಗುವುದು ಭಾನುವಾರ; ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಆ ಭಾನುವಾರ ಗಂಗವ್ವ ಬಸ್ಸು ಹತ್ತಲೇಬೇಕು. ಅವಳು ಮಾತ್ರ ಊರಿಗೆ ಹೋಗುತ್ತೇನೆಂದು ಕೂತಿದ್ದಳು.

“ಊರಲ್ಲಿ ಮಾತ್ರೆ, ತಪಾಸಣೆ?” ಎಂದು ಕೇಳಿದೆ.

“ಹುಬ್ಬಳ್ಳಿಗೆ ಎರಡ ಬಸ್ ಬದಲಿಸಬೇಕ್ರಿ. ಯಾರ್ ಕರಕೊಂಡ್ ಹೋಗ್ತಾರ? ಬಿಟ್ಟೇ ಬಿಡ್ತೀನಿ.”

ಕಾರಣ ಇಷ್ಟೇ. ತೆಗೆದ ಎದೆಯ ಜಾಗದಲ್ಲಿಟ್ಟುಕೊಳ್ಳಲು ಆಸ್ಪತ್ರೆಯಲ್ಲಿ ಕೊಟ್ಟಿದ್ದ ಹತ್ತಿಯ ಮೆತ್ತೆ ತೀರಾ ಹಗುರ. ಮಕ್ಕಳ ಬ್ಯಾಗನ್ನು ಮೇಲಿಡಲು ಕೈ ಎತ್ತಿದರೆ ಅದು ಜಾರಿ ಕುತ್ತಿಗೆಯ ಹತ್ತಿರ ಬರುತ್ತಿತ್ತು. “ಹುಡುಗ್ರು ಕೇಳ್ತಾವ್ರಿ, ಆಂಟಿ ಏನದು ಅಂತ. ಏನ್ ಹೇಳ್ಲಿ?” ಎಂದಳು. ದೋಹಾದ ಆಗಸ್ಟ್ ತಿಂಗಳಿನಲ್ಲಿ ಅವಳು ಮೈತುಂಬ ಶಾಲು ಹೊದ್ದು, ಒಂದು ಹೆಗಲು ಎತ್ತರ ಒಂದು ತಗ್ಗಾಗಿ ನಡೆಯುತ್ತಿದ್ದಳು. ಅಂಗಡಿಯಲ್ಲಿ ಸಿಗುವ ಸಿಲಿಕೋನಿನದರ ಬೆಲೆ ಒಮ್ಮೆ ಕೇಳಿ ಬಂದವಳು ಮತ್ತೆ ಆ ಮಾತೆತ್ತಲಿಲ್ಲ. ಕೇರಳದ ನರ್ಸೊಬ್ಬಳು, ಬಟ್ಟೆಯಲ್ಲೇ ಹೊಲಿಸಿ ಒಳಗೆ ಭಾರಕ್ಕೆ ಏನಾದರೂ ತುಂಬಿಸಿ, ಭಾರವಿಲ್ಲದಿದ್ದರೆ ಹೆಗಲು ಸರಿಯಾಗದು ಎಂದಳು. ನನಗೆ ನೆನಪಾದವರು ಹಮೀದ್ ಮಾಸ್ಟರ್.

ಮಾಸ್ಟರ್ ಉಳ್ಳಾಲದ ಬ್ಯಾರಿ, ನಜ್ಮಾದಲ್ಲಿ ಟೈಲರ್ ಅಂಗಡಿ. ಹೆಂಗಸರ ಮೈಗೆ ಟೇಪು ಹಿಡಿಯುವವರಲ್ಲ. ಸರಿಯಾಗಿ ಕೂರುವ ಹಳೆಯ ಬ್ಲೌಸೊಂದನ್ನು ಕೊಟ್ಟರೆ ಅದನ್ನೇ ಅಳತೆಯಾಗಿಟ್ಟುಕೊಂಡು ಹೊಲಿಯುತ್ತಾರೆ. ನಾನು ಗಂಗವ್ವನ ಹಳೇ ಜಂಪರನ್ನು ಒಯ್ದು, ಮೆತ್ತೆ, ದಿಂಬು, ಗೆಳತಿ ಎಂದೆಲ್ಲ ಸುತ್ತಿ ಬಳಸಿ ಹೇಳತೊಡಗಿದೆ. ಆಫೀಸಿನಲ್ಲಿ ಇಡೀ ದಿನ ಇಂಜಿನಿಯರುಗಳನ್ನು ಗದರಿಸುವ ನನಗೆ ಆ ಒಂದು ಶಬ್ದ ಬಾಯಿಗೆ ಬರಲಿಲ್ಲ. ಮಾಸ್ಟರ್ ಅಷ್ಟೂ ಕೇಳಿದರು. ಜಂಪರನ್ನು ಮೇಜಿನ ಮೇಲೆ ಹರಡಿ ಸುಕ್ಕು ತೆಗೆದರು.

“ಅಳತೆ ಇದರಲ್ಲಿ ಉಂಟು ಅಕ್ಕ. ತೂಕ ಎಷ್ಟು? ಅದು ಬ್ಲೌಸಿನಲ್ಲಿ ಇರುವುದಿಲ್ಲ ಅಲ್ಲ ಮಾರಾಯ್ರೆ” ಎಂದರು.

ಗಂಗವ್ವನದೂ ನನ್ನದೂ ಹೆಚ್ಚುಕಡಿಮೆ ಒಂದೇ ಮೈಕಟ್ಟು. ಆ ಸಂಜೆ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಕೇಕಿನ ಮೈದಾ ತೂಗುವ ತಕ್ಕಡಿಯ ಮುಂದೆ ನಾನು ಬಗ್ಗಿ ನಿಂತ ಭಂಗಿಯನ್ನು ಇಲ್ಲಿ ವಿವರಿಸುವುದಿಲ್ಲ. ಬಂದ ಅಂಕಿ ಗೊತ್ತಿರುವುದು ನನಗೆ, ತಕ್ಕಡಿಗೆ ಮತ್ತು ನಾನು ಬರೆದುಕೊಟ್ಟ ಚೀಟಿ ಓದಿದ ಮಾಸ್ಟರಿಗೆ. ಭಾರಕ್ಕೆ ರಾಗಿ ತುಂಬಿ ಎಂದು ಹೇಳಿದ್ದೂ ನಾನೇ. ನುಣ್ಣಗಿದೆ, ಚುಚ್ಚುವುದಿಲ್ಲ, ಮೈಗೆ ತಕ್ಕಂತೆ ಹರಿಯುತ್ತದೆ. ಮೈಸೂರಿನವರಿಗೆ ಯಾವ ಕಷ್ಟಕ್ಕೂ ರಾಗಿಯೇ ಹೊಳೆಯುವುದು. ಮಾಸ್ಟರ್ ಗಾಯಕ್ಕೆ ತಾಗದಿರಲೆಂದು ಜಿಪ್ಪು, ಗುಂಡಿ ಏನೂ ಇಡದೆ ಸುತ್ತಲೂ ಬಾಯಿ ಹೊಲಿದರು. ಗುರುವಾರ ಗಂಗವ್ವ ಅದನ್ನಿಟ್ಟುಕೊಂಡು ರೂಮಿನಲ್ಲೇ ಆಚೆ ಈಚೆ ನಡೆದಳು. ಹೆಗಲು ಸಮನಾಯಿತು. “ಭಾನುವಾರ ಹೋಗ್ತೀನ್ರಿ” ಎಂದಳು.

ಶನಿವಾರ ಮಧ್ಯಾಹ್ನ ಅವಳ ಫೋನು.

“ಅಕ್ಕಾರ, ಅದು ಮೊಳಕಿ ಒಡದೈತ್ರಿ.”

“ಯಾವುದು?”

“ಯಾವ್ದಂತ ಕೇಳ್ತೀರಲ್ರಿ. ನಿಮ್ಮ ರಾಗೀರಿ.”

ಆದದ್ದು ಇಷ್ಟು. ಗಂಗವ್ವನಿಗೆ ಮಡಿ ಹೆಚ್ಚು. ಒಂದು ಸಲ ಬೆವತದ್ದಕ್ಕೇ ಅದನ್ನು ಇಡಿಯಾಗಿ ಬಕೆಟಿನಲ್ಲಿ ನೆನೆಹಾಕಿದ್ದಾಳೆ. ಆಮೇಲೆ ರೂಮಿನ ಉಳಿದ ಹೆಂಗಸರ ಕಣ್ಣಿಗೆ ಬೀಳಬಾರದೆಂದು ಟವೆಲ್ಲಿನಲ್ಲಿ ಸುತ್ತಿ ಟ್ರಂಕಿನ ಹಿಂದೆ ಬಚ್ಚಿಟ್ಟಿದ್ದಾಳೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಬೆಚ್ಚಗೆ ಕತ್ತಲೆಯಲ್ಲಿಡುವುದು. ನಮ್ಮಮ್ಮ ಜೀವಮಾನವಿಡೀ ಮಾಡಿದ್ದು ಇದನ್ನೇ. ಅದನ್ನು ನೋಡಿ ಬೆಳೆದ ನನಗೆ ಇಷ್ಟೂ ಹೊಳೆದಿರಲಿಲ್ಲ.

ಓಡಿದೆ. ಗಂಗವ್ವ ಮಂಚದ ಮೇಲೆ ಅದನ್ನು ಬೊಗಸೆಯಲ್ಲಿ ಹಿಡಿದು ಕೂತಿದ್ದಳು. ಬಿಳಿಯ ಬಟ್ಟೆಯ ತುಂಬ ಸಣ್ಣ ಸಣ್ಣ ಮೊಳಕೆಗಳು. “ತಪ್ಪಾಯ್ತು ಗಂಗವ್ವ, ನಂದೇ ಹಾಳು ಬುದ್ಧಿ” ಎಂದೆ. ಮರುದಿನ ಬೆಳಿಗ್ಗೆ ಬಸ್ಸು. ಇವಳು ಖಂಡಿತ ಊರಿಗೆ ಹೊರಟಳು ಎಂದುಕೊಂಡು ನನಗೆ ಅಳು ಬರುವುದರಲ್ಲಿತ್ತು. ಅವಳು ತಲೆ ಎತ್ತಲಿಲ್ಲ.

“ಡಾಕ್ಟ್ರು ಎಲ್ಲಾ ತಗದೀವಿ ಅಂದಿದ್ರು. ನೋಡ್ರಿ ಇಲ್ಲಿ, ಇನ್ನೂ ಜೀವ ಐತಿ ಇದಕ್ಕ” ಎಂದಳು. ಆಮೇಲೆ ನಗತೊಡಗಿದಳು. ಆಪರೇಷನ್ ಆದಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಮಂಚ ಅಲುಗುವಷ್ಟು ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ಅದನ್ನು ನೋಡಿ ನಕ್ಕಳು. ಮುಚ್ಚಿಟ್ಟದ್ದು, ಬಾಯಿ ಹೊಲಿದದ್ದು ಯಾವುದನ್ನೂ ಲೆಕ್ಕಿಸದೆ ಒಂದು ಬೊಗಸೆ ಧಾನ್ಯ ತನ್ನ ಪಾಡಿಗೆ ಹುಟ್ಟಿಕೊಂಡಿತ್ತು.

“ನಡ್ರಿ, ಮಾಸ್ಟರ್ ಕಡೆ ನಾನೂ ಬರ್ತೀನಿ” ಎಂದು ಅವಳೇ ಎದ್ದಳು. ಶಾಲು ಮಂಚದ ಮೇಲೆಯೇ ಉಳಿಯಿತು.

ಮಧ್ಯಾಹ್ನದ ನಿದ್ದೆಯಿಂದೆದ್ದು ಶಟರ್ ಎತ್ತಿದ ಮಾಸ್ಟರ್ ಅದನ್ನು ನೋಡಿ ನಗಲಿಲ್ಲ. “ಜೀವ ಇರುವುದನ್ನು ಹಾಕಿ ಬಾಯಿ ಹೊಲಿದದ್ದು ನನ್ನ ತಪ್ಪು ಅಕ್ಕ” ಎಂದು ಗಂಗವ್ವನಿಗೇ ಹೇಳಿದರು. ಇಲ್ಲಿನ ಹೆಂಗಸರ ಕಪ್ಪು ನಿಲುವಂಗಿ, ಅಬಾಯಗಳ ಕೈಯಂಚಿಗೆ ಹೊಲಿಯುವ ಗಾಜಿನ ಮಣಿಗಳ ಡಬ್ಬಿ ತೆಗೆದರು. ಎದುರಿನ ದಿನಸಿ ಅಂಗಡಿಯ ತಕ್ಕಡಿಯಲ್ಲಿ ನನ್ನ ಚೀಟಿಯ ಅಂಕಿಗೆ ಸರಿಯಾಗಿ ಮಣಿ ತೂಗಿ ತಂದರು. ಮಣಿಯ ಸುತ್ತ ಹತ್ತಿ, ಹತ್ತಿಯ ಮೇಲೆ ಮೆತ್ತನೆಯ ಬನಿಯನ್ ಬಟ್ಟೆ; ಈ ಸಲ ಒಗೆಯುವಾಗ ಬಿಚ್ಚಲು ಹಿಂಬದಿಗೆ ಒಂದು ಬಾಯಿ, ಒಳಉಡುಪಿಗೆ ಒಂದು ಜೇಬು. ಅಷ್ಟೂ ಹೊತ್ತು ಅವರು ನೋಡಿದ್ದು ಮೇಜಿನ ಮೇಲಿದ್ದ ಜಂಪರನ್ನು ಮಾತ್ರ. ಗಂಗವ್ವ ಪರದೆಯ ಹಿಂದೆ ಹೋಗಿ ಬಂದು ಕನ್ನಡಿಯ ಮುಂದೆ ನಿಂತಾಗ ಮಾಸ್ಟರ್ ಬೀದಿಯ ಕಡೆ ತಿರುಗಿ ನಿಂತರು. ಅವಳು ಎರಡೂ ಕೈಗಳನ್ನು ನಿಧಾನವಾಗಿ ತಲೆಯ ಮೇಲಕ್ಕೆತ್ತಿದಳು. ಯಾವುದೂ ಜಾರಲಿಲ್ಲ. ಎಷ್ಟೋ ಹೊತ್ತು ಕೈ ಇಳಿಸಲೇ ಇಲ್ಲ.

ಭಾನುವಾರ ಬೆಳಿಗ್ಗೆ ಬಸ್ಸಿನ ಬಾಗಿಲಲ್ಲಿ ಅವಳೇ ಇದ್ದಳು. “ಯಲ್ಲಾ, ಲಗೂನ ಹತ್ತವಾ” ಎಂದು ಅರಬ್ಬಿಯನ್ನೂ ಗದಗದ ಮಾತನ್ನೂ ಬೆರೆಸಿ ಅವಸರಿಸುತ್ತ ನನ್ನ ಮಗಳನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡಳು.

ಇದಾಗಿ ಐದು ವರ್ಷ ದಾಟಿತು. ಮಗಳು ಈಗ ನನ್ನ ಭುಜಕ್ಕೆ ಬಂದಿದ್ದಾಳೆ. ಮೊನ್ನೆ ಗಂಗವ್ವ ಆಸ್ಪತ್ರೆಯಿಂದಲೇ ಫೋನು ಮಾಡಿದ್ದಳು. “ಅಕ್ಕಾರ, ಗುಳಿಗಿ ಖಲಾಸ್ ಅಂದ್ರು ಡಾಕ್ಟ್ರು. ಎಲ್ಲಾ ಚಲೋ ಐತಂತ.” ಶುಕ್ರವಾರ ಬನ್ನಿ, ಹುರಿಹಿಟ್ಟು ಮಾಡಿಕೊಡ್ತೀನಿ ಎಂದಷ್ಟೇ ಹೇಳಿದೆ. ಅವಳೇ ಮುಂದುವರಿಸಿದಳು.

“ಮಾಸ್ಟರ್‌ಗ ಹೇಳ್ರಿ, ನಂದು ಹೊಸಾದು ಹೊಲೀಬೇಕಂತ.”

“ಯಾಕೆ, ಹರಿದೋಯ್ತಾ?”

“ಹರದಿಲ್ರಿ. ಅದು ಮೊದಲಿನಂಗ ನಿಂತೈತಿ. ಇನ್ನೊಂದು ಜೋತು ಬಿದ್ದೈತ್ರಿ. ವಯಸ್ಸಾತಲ್ರಿ ನನಗ.”

ವಯಸ್ಸಾಯಿತು ಎಂಬ ಮಾತನ್ನು ಅಷ್ಟು ಜಂಬದಿಂದ ಹೇಳಿದವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಆ ಹಳೇ ಜಂಪರಿನ ಅಳತೆ ಇನ್ನು ನಡೆಯುವುದಿಲ್ಲ, ಹೊಸದೊಂದನ್ನು ತರುತ್ತಾಳಂತೆ. ತೂಕದ ವಿಷಯ ನನಗೇ ಬಿಟ್ಟಿದ್ದಾಳೆ.

ರಾಗಿಯ ಗಂಟು ಬಿಚ್ಚಿ ತಟ್ಟೆಯಲ್ಲಿ ಒಣಗಲು ಹರಡಿದೆ. ನನ್ನವರು ಆಫೀಸಿಗೆ ಹೊರಟ ಮೇಲೆ ಅಡುಗೆಮನೆಯ ಬಾಗಿಲು ಹಾಕಿ, ಕಪಾಟಿನ ಮೇಲಿನಿಂದ ತಕ್ಕಡಿ ಇಳಿಸಿದೆ. ನನಗೂ ಐದು ವರ್ಷ ವಯಸ್ಸಾಗಿದೆಯಲ್ಲ.